ಬೀಗರ ಹಕ್ಕಿ, ಇಂಗ್ಲೆಂಡಿನ ಚರೆ

ಅನುಮಾನ ನನಗೆ ಕಾಯಿಲೆಯಲ್ಲ, ಉದ್ಯೋಗ. ಅಬುಧಾಬಿಯ ಹೊರವಲಯದ ಒಂದು ಗೋದಾಮಿನಲ್ಲಿ, ಬಂದಿಳಿದ ತಿನಿಸಿನ ಸರಕನ್ನು ಬಿಚ್ಚಿ, ಮೂಸಿ, ಒತ್ತಿ ನೋಡಿ, ಒಳಗೆ ಬಿಡಬೇಕೋ ವಾಪಸು ಕಳಿಸಬೇಕೋ ಎಂದು ಹೇಳುವುದು ನನ್ನ ಕೆಲಸ. ಸಂಬಳಕ್ಕಾಗಿ ಕಲಿತ ಗುಣ ಸಂಬಳ ಇಲ್ಲದ ಹೊತ್ತಿನಲ್ಲೂ ಬಿಡುವುದಿಲ್ಲ. ಮನೆಯಲ್ಲಿ ಮೊಟ್ಟೆಯನ್ನು ನೀರಿಗೆ ಹಾಕಿ ನೋಡದೆ ನಾನು ಒಡೆಯಲು ಬಿಡುವುದಿಲ್ಲ. ಹಾಲಿನ ಡಬ್ಬಿಯ ತಾರೀಕನ್ನು ಅಂಗಡಿಯಲ್ಲೊಮ್ಮೆ, ಲಿಫ್ಟಿನಲ್ಲೊಮ್ಮೆ ಓದುತ್ತೇನೆ. ಅಲ್ ಮೀನಾದ ಮೀನು ಮಾರುಕಟ್ಟೆಯಲ್ಲಿ ಭಟ್ಕಳದವರೊಬ್ಬರ ಅಂಗಡಿಯಿದೆ. ಒಮ್ಮೆ ಅಲ್ಲಿ ಒಂದು ಅಂಜಲ್ ಮೀನಿನ ಕಿವಿರು ಎತ್ತಿ, ಕಣ್ಣು ನೋಡಿ, ಹೊಟ್ಟೆ ಒತ್ತಿ, ಮತ್ತೆ ಕಿವಿರು ಎತ್ತಿದೆ. ಅವರು ಕೈಕಟ್ಟಿ ನಿಂತು, "ಮಾರಾಯ್ರೆ, ನೀವು ಮೀನು ತಗೊಳ್ಳಲಿಕ್ಕೆ ಬಂದದ್ದಾ, ಹೆಣ್ಣು ನೋಡ್ಲಿಕ್ಕೆ ಬಂದದ್ದಾ?" ಎಂದು ಕೇಳಿದರು. ಅಂದಿನಿಂದ ನನ್ನ ಹೆಂಡತಿ ಐರಿನ್ ಮೀನು ತರಲು ಒಬ್ಬಳೇ ಹೋಗುತ್ತಾಳೆ.

ಇಂಥ ನನಗೆ ಬೀಗರಾಗಲಿದ್ದವರು ಫೆಲಿಕ್ಸ್‌ಬಾಬ್. ತೈಲ ಕಂಪನಿಗಳ ಊರಾದ ರುವೈಸಿನಲ್ಲಿ ಎಂಜಿನಿಯರ್, ಕಂಪನಿ ಮನೆಯಲ್ಲಿ ವಾಸ, ಯಾವುದನ್ನೂ ಎರಡನೆಯ ಸಲ ನೋಡದ ಮನುಷ್ಯ. ಅವರ ಮಗ ರೋಶನ್ ಮತ್ತು ನಮ್ಮ ಮಗಳು ಶರಲ್ ತಮ್ಮೊಳಗೆ ಎಲ್ಲ ತೀರ್ಮಾನ ಮಾಡಿಕೊಂಡಾಗಿತ್ತು. ದೊಡ್ಡವರು ಕೂತು ಊಟ ಮಾಡಿ, ನಾವೇ ತೀರ್ಮಾನಿಸಿದೆವು ಎಂದುಕೊಳ್ಳುವುದಷ್ಟೇ ಬಾಕಿ. ಅದಕ್ಕೆ ಶನಿವಾರ ಮಧ್ಯಾಹ್ನ ಗೊತ್ತಾಗಿತ್ತು. ಗುರುವಾರ ಫೆಲಿಕ್ಸ್‌ಬಾಬ್ ದುಬೈಯಿಂದ ರುವೈಸಿಗೆ ಮರಳುವ ದಾರಿಯಲ್ಲಿ ನಮ್ಮ ಕಟ್ಟಡದ ಕೆಳಗೆ ಕಾರು ನಿಲ್ಲಿಸಿ, ನನ್ನ ಕೈಗೆ ತಣ್ಣನೆಯ ಒಂದು ಚೀಲ ಕೊಟ್ಟರು. "ಫೆಸೆಂಟ್ ಅಂತೆ. ಇಂಗ್ಲೆಂಡಿನ ಕಾಡುಹಕ್ಕಿ. ಶನಿವಾರ ಇದನ್ನೇ ಮಾಡಿ, ಆಯ್ತಾ? ಯಲ್ಲಾ, ಬರ್ತೇನೆ!" ಎಂದು ಹೊರಟೇಹೋದರು.

ಊಟಕ್ಕೆ ಬರುವವರು ತಮ್ಮ ಮಾಂಸ ತಾವೇ ಯಾಕೆ ಕಳಿಸಬೇಕು? ಲಿಫ್ಟು ಮೇಲೇರುವಷ್ಟರಲ್ಲಿ ನನಗೆ ಕಾರಣಗಳು ಹೊಳೆಯತೊಡಗಿದವು. ನಮ್ಮ ಮನೆಯ ಕೋಳಿಯ ಮೇಲೆ ಅವರಿಗೆ ನಂಬಿಕೆಯಿಲ್ಲ. ಅಥವಾ, ಗೊತ್ತಿಲ್ಲದ ಹಕ್ಕಿ ಕೊಟ್ಟು ನಮ್ಮ ಹುಡುಗಿಯ ಕೈರುಚಿ ಪರೀಕ್ಷೆ ಮಾಡುತ್ತಿದ್ದಾರೆ. ಐರಿನ್, "ಪ್ರೀತಿಯಿಂದ ಕೊಟ್ಟಿರ್ಬಹುದು ಅಂತ ನಿಮಗೆ ಯಾಕೆ ಹೊಳೆಯುವುದಿಲ್ಲ?" ಎಂದಳು. ಆ ಸಾಧ್ಯತೆಯನ್ನೂ ಪರಿಶೀಲಿಸೋಣವೆಂದು ನಾನು ಕನ್ನಡಕ ಹಾಕಿಕೊಂಡು, ಎರಡು ಹಕ್ಕಿಗಳಿದ್ದ ಪೊಟ್ಟಣ ತಿರುಗಿಸಿದೆ. ಇರುವೆಯ ಗಾತ್ರದ ಅಕ್ಷರಗಳಲ್ಲಿ ಬರೆದಿತ್ತು: ಇದು ಗುಂಡಿಟ್ಟು ಬೇಟೆಯಾಡಿದ ಹಕ್ಕಿ, ಒಳಗೆ ಸೀಸದ ಚರೆ ಇರಬಹುದು.

ಕೋವಿಯ ತೋಟೆಯೊಳಗೆ ತುಂಬುವ, ಸಾಸಿವೆಗಿಂತ ತುಸು ದೊಡ್ಡ ಗುಂಡುಗಳೇ ಚರೆ. ಒಂದು ಈಡು ಹಾರಿಸಿದರೆ ಅವು ಹರಡಿಕೊಂಡು ಹೋಗಿ ಹಕ್ಕಿಯ ಮೈಯೊಳಗೆ ಎಲ್ಲೆಂದರಲ್ಲಿ ಕೂರುತ್ತವೆ. ಸೀಸ ಹೊಟ್ಟೆಗೆ ಒಳ್ಳೆಯದಲ್ಲ ಎಂಬುದು ಒಂದು. ಫೆಲಿಕ್ಸ್‌ಬಾಬ್ ಅವರ ಹೆಂಡತಿ ಲೀನಾಬಾಯ್ ಕಳೆದ ರಜೆಯಲ್ಲಿ ಊರಿಗೆ ಹೋಗಿ ಮುಂದಿನ ಹಲ್ಲುಗಳನ್ನೆಲ್ಲ ಹೊಸದಾಗಿ ಕೂರಿಸಿಕೊಂಡು ಬಂದಿದ್ದರು ಎಂಬುದು ಇನ್ನೊಂದು. ನಮ್ಮ ಮೇಜಿನಲ್ಲಿ ಆ ಹಲ್ಲು ಮುರಿದರೆ ಮದುವೆ ಮಾತೂ ಅಲ್ಲೇ ಖಲಾಸ್. "ಫೋನ್ ಮಾಡಿ ಹೇಳಿಬಿಡ್ಲಾ?" ಎಂದೆ. "ನೀವು ಕೊಟ್ಟದ್ದರಲ್ಲಿ ವಿಷ ಉಂಟು ಅಂತ ಹೇಳ್ತೀರಾ? ಸುಮ್ಮನೆ ಹುಡುಕಿ ತೆಗೀರಿ. ಅದೇ ಅಲ್ವಾ ನಿಮ್ಮ ಕೆಲಸ?" ಎಂದಳು ಐರಿನ್.

ಶನಿವಾರ ಬೆಳಿಗ್ಗೆ, ಫ್ರಿಜ್ಜಿನೊಳಗೇ ಹಿಮ ಕರಗಿದ್ದ ಎರಡೂ ಹಕ್ಕಿಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಮಲಗಿಸಿದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಒಂಟೆಯಾಕಾರದ ಅಯಸ್ಕಾಂತವನ್ನು ಕಿತ್ತು, ಹಕ್ಕಿಗಳ ಎದೆಯ ಮೇಲೆ, ತೊಡೆಯ ಮೇಲೆ ನಿಧಾನವಾಗಿ ಆಡಿಸಿದೆ. ಏನೂ ಅಂಟಲಿಲ್ಲ. "ನೋಡು, ಒಂದೂ ಇಲ್ಲ!" ಎಂದು ಘೋಷಿಸಿದೆ. ಕಾಫಿ ಕುಡಿಯುತ್ತಿದ್ದ ಶರಲ್ ತಲೆ ಎತ್ತದೆ, "ಡ್ಯಾಡಿ, ಲೆಡ್ ಈಸ್ ನಾಟ್ ಮ್ಯಾಗ್ನೆಟಿಕ್" ಎಂದಳು. ಒಂಟೆ ಮರಳಿ ಫ್ರಿಜ್ಜಿನ ಬಾಗಿಲಿಗೆ ಹೋಯಿತು.

ಆಮೇಲೆ ಬೆರಳನ್ನೇ ನಂಬಿದೆ. ಚರ್ಮದಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡರೆ, ಸುತ್ತ ರಕ್ತ ಹೆಪ್ಪುಗಟ್ಟಿ ಕಪ್ಪಾಗಿದ್ದರೆ, ಅದು ಚರೆ ಹೊಕ್ಕ ಬಾಗಿಲು. ಒಳಗೆ ಹೋಗುವಾಗ ಅದು ಒಂದೆರಡು ಪುಕ್ಕದ ಎಳೆಗಳನ್ನೂ ಎಳೆದುಕೊಂಡು ಹೋಗಿರುತ್ತದೆ. ಆ ಎಳೆಯ ಜಾಡು ಹಿಡಿದು ಚಾಕುವಿನ ತುದಿಯಿಂದ ಮಾಂಸ ಬಿಡಿಸುತ್ತ ಹೋದರೆ ಕೊನೆಯಲ್ಲಿ ಕಳ್ಳ ಸಿಗುತ್ತಾನೆ. ಮೊದಲನೆಯದನ್ನು ಚಿಮುಟದಲ್ಲಿ ಹಿಡಿದು ಸ್ಟೀಲ್ ತಟ್ಟೆಗೆ ಹಾಕಿದಾಗ ಟಣ್ ಎಂದಿತು. ಅಷ್ಟು ಸುಖದ ಶಬ್ದವನ್ನು ನಾನು ಗೋದಾಮಿನಲ್ಲೂ ಕೇಳಿರಲಿಲ್ಲ. "ಅದು ನನ್ನ ಐಬ್ರೋ ಪ್ಲಕ್ಕರ್!" ಎಂದು ಶರಲ್ ಕಿರುಚಿದಳು. "ನಿನ್ನ ಮದುವೆಗೇ ಉಪಯೋಗ ಆಗ್ತಾ ಉಂಟು" ಎಂದೆ. ಮೊಬೈಲ್ ಟಾರ್ಚನ್ನು ಎದೆಯ ತುಂಡುಗಳ ಹಿಂದೆ ಹಿಡಿದು ನೋಡಿದೆ. ಮೂಳೆಯ ಸಂದಿನಲ್ಲಿ ಕಿರುಬೆರಳು ಆಡಿಸಿದೆ. ತೂತು ಇದ್ದು ಚರೆ ಸಿಗದಿದ್ದರೆ, ಆಚೆ ಬದಿಯಿಂದ ಹೊರಟುಹೋಗಿದೆಯೋ ಒಳಗೇ ಕೂತು ನಗುತ್ತಿದೆಯೋ ಎಂದು ತಳಮಳ. ಕೊನೆಗೆ ಐರಿನ್, "ಇನ್ನು ಸ್ವಲ್ಪ ಹುಡುಕಿದ್ರೆ ಹಕ್ಕಿಯೇ ಮಾಫಿ, ಏನೂ ಉಳಿಯುವುದಿಲ್ಲ" ಎಂದು ಮಾಂಸವನ್ನು ಕಿತ್ತುಕೊಂಡು, ತೊಳೆದು ಮಸಾಲೆಗೆ ಹಾಕಿದಳು.

ಬೀಗರು ಬಂದರು. ಇಡ್ಲಿಯಂಥ ಬಿಸಿ ಸನ್ನ, ಒಣ ಮಸಾಲೆಯ ಹಕ್ಕಿ ಸುಕ್ಕ. ಪ್ರಾರ್ಥನೆ ಮುಗಿದು ಎಲ್ಲರೂ ಕೈ ಹಾಕಿದರು, ನಾನೊಬ್ಬ ಬಿಟ್ಟು. ನಾನು ಲೀನಾಬಾಯ್ ಅವರ ದವಡೆಯನ್ನು ನೋಡುತ್ತಿದ್ದೆ. ಅವರು ಜಗಿದಾಗ ನನ್ನ ಉಸಿರು ನಿಲ್ಲುತ್ತಿತ್ತು, ನುಂಗಿದಾಗ ಹೊರಬರುತ್ತಿತ್ತು. ಮೂರ್ನಾಲ್ಕು ತುತ್ತಾದ ಮೇಲೆ ಅವರು ಕೈ ತಟ್ಟೆಯಲ್ಲಿಟ್ಟು ಮೆಲ್ಲಗೆ ಕೇಳಿದರು: "ನೀವು ಯಾಕೆ ತಿನ್ನುದಿಲ್ಲ? ನನ್ನ ಬಾಯಿ ಯಾಕೆ ನೋಡ್ತೀರಿ? ಊಟದಲ್ಲಿ ಎಂತದಾದ್ರೂ ಉಂಟಾ?"

ರೋಶನ್ ತುತ್ತನ್ನು ಬಾಯಿಯ ಹತ್ತಿರವೇ ನಿಲ್ಲಿಸಿದ. ಶರಲ್ ನನ್ನನ್ನು ನೋಡಿದ ನೋಟದಲ್ಲಿ, ಆ ಮನೆಗೆ ತಾನು ಸೊಸೆಯಾಗಿ ಹೋಗುವುದು ಇನ್ನು ಕನಸೇ ಎಂಬ ಅಳು ಇತ್ತು. ಬೇರೆ ದಾರಿ ಕಾಣದೆ ಎದ್ದುಹೋಗಿ ಚರೆಯ ತಟ್ಟೆ ತಂದು ಮೇಜಿನ ಮೇಲಿಟ್ಟು, ಎಲ್ಲವನ್ನೂ ಹೇಳಿದೆ. ಫೆಲಿಕ್ಸ್‌ಬಾಬ್ ಒಂದು ಚರೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಅವರ ಮುಖ ಬಾಡುತ್ತ ಹೋಯಿತು. "ದೇವಾ! ನಾವು ಹೋದ ವಾರ ಮನೆಯಲ್ಲಿ ಇದನ್ನೇ ಮಾಡಿದ್ದು. ರುಚಿಯಾಗಿತ್ತು ಅಂತಲೇ ನಿಮಗೂ ತಂದದ್ದು. ಬಾಯಿಗೆ ಸಿಕ್ಕಿದ್ದನ್ನೆಲ್ಲ ನಾನು ಕಾಳುಮೆಣಸು ಅಂತ ನುಂಗಿದೆ!" ಲೀನಾಬಾಯ್ ಗಂಡನ ಕಡೆ ತಿರುಗಿದರು. "ಮೆಣಸು ಬೇಯಲಿಲ್ಲ ಅಂತ ನನಗೆ ಬೈದದ್ದು ಇದಕ್ಕಾ?"

ಮೊದಲು ನಕ್ಕವಳು ಐರಿನ್. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಫೆಲಿಕ್ಸ್‌ಬಾಬ್ ಹೊಟ್ಟೆ ಸವರಿಕೊಂಡು, ನಾಳೆಯೇ ಡಾಕ್ಟರನ್ನು ಕಾಣುವುದಾಗಿ ಹೆಂಡತಿಗೆ ಮಾತು ಕೊಟ್ಟರು. ಮದುವೆ ಮಾತು ಆ ನಗೆಯಲ್ಲೇ ಮುಗಿಯಿತು. ಊರಿನ ಇಗರ್ಜಿಯಲ್ಲಿ ಯಾವ ತಿಂಗಳು ಎಂಬುದಷ್ಟೇ ಉಳಿಯಿತು. ಫೆಲಿಕ್ಸ್‌ಬಾಬ್ ನನ್ನ ಬೆನ್ನು ತಟ್ಟಿ, "ಇಂಥ ಒಬ್ಬರು ಕುಟುಂಬದಲ್ಲಿ ಬೇಕು, ಮಾರಾಯ್ರೆ" ಎಂದರು. ನಾನು ಉಬ್ಬಿಹೋದೆ. "ಧೈರ್ಯವಾಗಿ ತಿನ್ನಿ. ಇನ್ನು ಒಂದೇ ಒಂದು ಇಲ್ಲ, ನಾನು ಗ್ಯಾರಂಟಿ" ಎಂದು, ನನ್ನ ಮೊದಲ ತುಂಡನ್ನು ಬಾಯಿಗಿಟ್ಟು ಕಚ್ಚಿದೆ.

ಕಟ್.

ಆ ಶಬ್ದ ನನ್ನ ತಲೆಯೊಳಗೆ ಮಾತ್ರ ಕೇಳಿಸಿತು ಎಂದುಕೊಂಡೆ. ಇಲ್ಲ. ಎಲ್ಲರ ಕೈಗಳೂ ನಿಂತಿದ್ದವು. ನಾಲಗೆಯ ಮೇಲೆ ಗುಂಡಗಿನ, ಗಟ್ಟಿಯಾದ ಒಂದು ಕಾಳು ಉರುಳುತ್ತಿತ್ತು. ಉಗುಳಿದರೆ ಗ್ಯಾರಂಟಿ ಹೋಗುತ್ತದೆ. ನುಂಗಿಬಿಟ್ಟೆ.

"ಎಂತ ಆಯ್ತು?" ಎಂದರು ಫೆಲಿಕ್ಸ್‌ಬಾಬ್.

"ಏನಿಲ್ಲ. ಕಾಳುಮೆಣಸು."

"ನಾನು ಮೆಣಸು ಪುಡಿ ಮಾಡಿಯೇ ಹಾಕಿದ್ದಲ್ವಾ?" ಎಂದಳು ಐರಿನ್.

ಲೀನಾಬಾಯ್ ತಮ್ಮ ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿ, ಪಾತ್ರೆಯಿಂದ ಇನ್ನೆರಡು ತುಂಡು ಆರಿಸಿ ನನಗೆ ಬಡಿಸಿದರು. "ನೀವು ಮೊದಲು ತಿನ್ನಿ. ನಾವು ನೋಡ್ತೇವೆ" ಎಂದರು.