ಭಾಗ್ಯಮ್ಮನ ಗಿಳಿ ಚೀಲ

ಪೇಚಾಟವೆಲ್ಲ ಶುರುವಾದದ್ದು ಸ್ಟೀಲ್ ಪಾತ್ರೆಗಳಿಂದ. ಹಳೇ ರೇಷ್ಮೆ ಸೀರೆಗೆ ಪಾತ್ರೆ ಕೊಡುವವನು ದೇವನಹಳ್ಳಿಯ ಆ ಬೀದಿಗೆ ಬರುವ ಮೊದಲೇ ಭಾಗ್ಯಮ್ಮ ಮನೆಮನೆಗೆ ಹೋಗಿ, ತನ್ನ ಮದುವೆಗೆ ಬಂದಿದ್ದ ಪಾತ್ರೆಗಳನ್ನೇ ಕೊಟ್ಟು ಸೀರೆಗಳನ್ನು ತಂದಿದ್ದಳು. ಸವೆದದ್ದನ್ನು ಕತ್ತರಿಸಿ ತೆಗೆದು, ಉಳಿದದ್ದರಲ್ಲಿ ಚೀಲ, ದಿಂಬಿನ ಗವಸು, ಮಕ್ಕಳ ಲಂಗ ಹೊಲಿದು, ಮೇಲೆ ಕಸೂತಿ ಹಾಕಿದ್ದಳು.

ಹೊಲಿಗೆ ಮಿಷನ್ನು ಮಾತ್ರ ಸೂಲಿಬೆಲೆಯ ನಾದಿನಿಯದು. ಗಂಡ ವೆಂಕಟರಾಯಪ್ಪ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ ಹೇಳಿದ್ದ: "ನೋಡೇ, ಸಂಜೆಯೊಳಗೆ ಒಂದಾದ್ರೂ ಮಾರು, ಮಿಷನ್ ನಮಗೇ ಬಿಟ್ಬಿಡು ಅಂತ ತಂಗೀನ ಕೇಳ್ತೀನಿ. ಇಲ್ದಿದ್ರೆ ನಾಳೆ ಬಸ್ ಮೇಲೆ ಹಾಕಿ ಕಳಿಸ್ಬಿಡ್ತೀನಿ."

ಹೊಲಿದದ್ದೆಲ್ಲ ಜಗಲಿಯ ಹಗ್ಗದ ಮೇಲೆ, ನೋಡಲು ಬರುವ ಗಂಡಿಗಾಗಿ ಸಿಂಗರಿಸಿಕೊಂಡ ಹುಡುಗಿಯರ ಹಾಗೆ ಕಾದವು.

ಮೊದಲು ಬಂದವಳು ಎದುರು ಮನೆಯ ಮುನಿವೆಂಕಟಮ್ಮ. ಒಂದು ಚೀಲ ಹಿಡಿದವಳೇ ಕಣ್ಣು ಒರೆಸಿಕೊಂಡಳು.

"ಇದು ನನ್ನ ಧಾರೆ ಸೀರೆ ಸೆರಗಲ್ವೇನೇ! ಯಾರೋ ಇದ್ರಲ್ಲಿ ಬದನೆಕಾಯಿ ತುಂಬ್ಕೊಂಡು ಓಡಾಡೋದಾ?"

"ನೀವೇ ಕೊಟ್ರಲ್ಲಕ್ಕಾ, ನೆಲ ಒರೆಸೋಕೂ ಆಗಲ್ಲ ಅಂತ."

"ಆಗ ಹಿಂಗಿತ್ತಾ? ನೀನು ಕೊಟ್ಟ ಬೋಸಿ ನೀನೇ ಇಟ್ಕೊಳವ್ವ!"

ಅಳುವವರ ಕೈಯಿಂದ ಕಿತ್ತುಕೊಳ್ಳುವುದು ಹೇಗೆ? ಭಾಗ್ಯಮ್ಮ ಕೊಟ್ಟಳು. ಸುದ್ದಿ ಹಾಲು ಉಕ್ಕಿದ ಹಾಗೆ ಬೀದಿಗೆಲ್ಲ ಹರಿಯಿತು. ಪಾಪಮ್ಮ ಓಡಿ ಬಂದು, "ನನ್ನ ಚೊಚ್ಚಲ ಮಗೂನ ತೊಟ್ಲಿಗೆ ಹಾಕಿದಾಗ ಉಟ್ಟಿದ್ದು ಕಣೇ" ಎಂದು ಲಂಗ ಒಯ್ದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಮಧ್ಯಾಹ್ನದ ಹೊತ್ತಿಗೆ ಹಗ್ಗ ಬೋಳಾಗಿ, ಭಾಗ್ಯಮ್ಮನ ಹೆಸರು ಕೊರೆದ ಪಾತ್ರೆಗಳೆಲ್ಲ ವಾಪಸಾಗಿ, ಮುನಿಸಿಕೊಂಡು ತವರಿಗೆ ಬಂದವರಂತೆ ಅಡಿಗೆಮನೆಯಲ್ಲಿ ಕೂತಿದ್ದವು.

ಉಳಿದದ್ದು ಗಿಳಿಯ ಕಸೂತಿ ಹಾಕಿದ ಚೀಲ ಒಂದೇ. ಅದನ್ನು ಕೇಳಿಕೊಂಡು ಯಾರೂ ಬರುವಂತಿರಲಿಲ್ಲ. ಅದು ಅವಳದೇ ಮನೆಯ ಟ್ರಂಕಿನ ತಳದಲ್ಲಿ ಸಿಕ್ಕ ಹಳೇ ಸೀರೆಯದು.

ಸಂಜೆ ಬೆಂಗಳೂರಿನ ಬಸ್ಸಿಗೆ ಹೊರಟಿದ್ದ ಹೆಂಗಸೊಬ್ಬಳು ಜಗಲಿಯ ಮುಂದೆ ನಿಂತಳು. "ಎಷ್ಟು ಚೆನ್ನಾಗಿದೆ! ಇಂಥ ಜರಿ ಈಗೆಲ್ಲಿ ಸಿಗುತ್ತೆ? ಕೊಡಿ ಇದನ್ನ" ಎಂದು ಪರ್ಸು ತೆರೆದಳು.

ಅಷ್ಟರಲ್ಲಿ ವೆಂಕಟರಾಯಪ್ಪ ಬಂದ.

"ನೋಡ್ರೀ, ಮಾರಾಟ ಆಯ್ತು!" ಎಂದಳು ಭಾಗ್ಯಮ್ಮ.

ಅವನೂ ಹೆಮ್ಮೆಯಿಂದಲೇ ಚೀಲ ಕೈಗೆ ತೆಗೆದುಕೊಂಡ. ಒಳಗೆ ಕೈಯಾಡಿಸಿದವನ ಬೆರಳು ಗಿಳಿಯ ಕಸೂತಿಯ ಹಿಂಬದಿಯಲ್ಲಿ ನಿಂತುಬಿಟ್ಟಿತು.

"ಇಲ್ಲೊಂದು ಸುಟ್ಟ ತೂತು ಇತ್ತಾ?"

"ಹ್ಞೂಂ. ಅದನ್ನ ಮುಚ್ಚೋಕೇ ಗಿಳಿ ಹಾಕಿದ್ದು."

"ನಮ್ಮಮ್ಮನ ಸೀರೆ ಕಣೇ ಇದು. ಒಲೆ ಕಿಡಿ ಹಾರಿದಾಗ ನಾನು ಕೂಸಂತೆ, ಮಡಿಲಲ್ಲಿದ್ನಂತೆ. ನನ್ನ ಮೇಲೆ ಬೀಳದ ಹಾಗೆ ಸೆರಗು ಅಡ್ಡ ಹಿಡಿದಳಂತೆ." ಅವನು ಚೀಲವನ್ನು ಎದೆಗೆ ಒತ್ತಿಕೊಂಡ. "ತಪ್ಪು ತಿಳ್ಕೋಬೇಡಿ ತಾಯಿ, ಇದು ಮಾರೋದಲ್ಲ."

ಆಕೆ ನಸುನಕ್ಕು, ಪರ್ಸು ಮುಚ್ಚಿ ಬಸ್ಸಿನ ಕಡೆ ನಡೆದಳು.

"ಹಂಗಾದ್ರೆ ಮಿಷನ್ನು?" ಭಾಗ್ಯಮ್ಮ ಒಳಗಿದ್ದ ಮಿಷನ್ ಕಡೆ ತಿರುಗಿದಳು.

ವೆಂಕಟರಾಯಪ್ಪ ಗಂಟಲು ಸರಿಮಾಡಿಕೊಂಡ. "ಮಾತು ಅಂದ್ರೆ ಮಾತು. ಒಂದೂ ಮಾರ್ಲಿಲ್ವಲ್ಲ." ಆಮೇಲೆ ಚೀಲದ ಹಿಡಿಯನ್ನು ಎಳೆದು ನೋಡಿ, "ಇದ್ಯಾಕೋ ಸಡಿಲ ಇದೆ. ಮಿಷನ್ ಕಳಿಸೋಕೆ ಮುಂಚೆ ಇನ್ನೊಂದು ಹೊಲಿಗೆ ಹಾಕ್ಬಿಡು. ನಿಧಾನವಾಗೇ ಹಾಕು, ಅದು ಮುಗಿಯೋವರ್ಗೂ ಕಳಿಸಲ್ಲ" ಎಂದ.

ಭಾಗ್ಯಮ್ಮ ಮಿಷನ್ ಮುಂದೆ ಕೂತು ಹೊಲಿಗೆ ಹಾಕಿದಳು. ಹಾಕಿದ್ದನ್ನು ತಿರುಗಿಸಿ ನೋಡಿದಳು. ಮೆಲ್ಲಗೆ ಬಿಚ್ಚತೊಡಗಿದಳು.