ಹೊಸ ನಂಬರಿನ ಹಾವಳಿ

ಸುಧಾರಣೆ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ನನ್ನ ಮೈ ಉರಿಯುತ್ತದೆ. ಹಾಗೆಂದು ನಾನು ಹಳೆಯದಕ್ಕೆ ಜೋತುಬಿದ್ದ ಮನುಷ್ಯನೇನಲ್ಲ. ಮನೆಗೆ ಸೀಮೆಎಣ್ಣೆಯ ಸ್ಟೋವು ಬಂದಾಗ ಓಣಿಯವರನ್ನೆಲ್ಲ ಕರೆದು ತೋರಿಸಿದವನು ನಾನೇ. ಅದು ಭಗ್ಗೆಂದು ಹತ್ತಿಕೊಂಡಾಗ ಎಲ್ಲರಿಗಿಂತ ಮೊದಲು ಹೊರಗೆ ಓಡಿದವನೂ ನಾನೇ. ನನ್ನ ಸಿಟ್ಟು ಹೊಸದರ ಮೇಲಲ್ಲ. ಸರಿಯಾಗಿ ನಡೆಯುತ್ತಿರುವುದನ್ನು ಹಿಡಿದು ಸರಿಮಾಡುವ ಜನರ ಮೇಲೆ.

ಎಪ್ಪತ್ತರ ದಶಕದಲ್ಲಿ ನಾನು ರಾಮದುರ್ಗದ ಒಂದು ಸಣ್ಣ ವಾಚನಾಲಯದಲ್ಲಿ ಗ್ರಂಥಪಾಲಕನಾಗಿದ್ದೆ. ಕಿಟಕಿಯ ಪಕ್ಕದ ಕಪಾಟಿನಲ್ಲಿ ಕಾದಂಬರಿ, ಬಾಗಿಲ ಹಿಂದೆ ಪುರಾಣ, ಮೂಲೆಯಲ್ಲಿ ಒಕ್ಕಲುತನ ಮತ್ತು ವೈದ್ಯ. ಕಣ್ಣು ಕಾಣದ ಅಜ್ಜ ಕೂಡ ತಡವಿಕೊಂಡು ಹೋಗಿ ತನಗೆ ಬೇಕಾದ ಪುರಾಣ ತೆಗೆದು ಮೊಮ್ಮಗಳಿಂದ ಓದಿಸಿಕೊಳ್ಳುತ್ತಿದ್ದ. ಇದು ಮೇಲಿನವರ ಕಣ್ಣು ಕುಕ್ಕಿತೋ ಏನೋ, ಪ್ರತಿಯೊಂದು ಪುಸ್ತಕಕ್ಕೂ ಅದರ ವಿಷಯ ತಿಳಿಸುವ, ಚುಕ್ಕಿಯಿಟ್ಟ ಒಂದು ಉದ್ದನೆಯ ನಂಬರು ಹಚ್ಚಬೇಕೆಂದು ಬೆಳಗಾವಿಯ ಕಚೇರಿಯಿಂದ ಅಪ್ಪಣೆಯಾಯಿತು. ಹಚ್ಚಿದೆ. ಮನೆಯಲ್ಲಿ ಹೆಂಡತಿ ಮೈದಾಹಿಟ್ಟಿನ ಅಂಟು ಕುದಿಸಿಕೊಟ್ಟಳು, ಬೈದುಕೊಂಡೇ. ಈ ಪದ್ಧತಿಯನ್ನು ಮನಸಾರೆ ಸ್ವಾಗತಿಸಿದವು ಇಲಿಗಳು ಮಾತ್ರ. ಒಂದು ಕಪಾಟಿನ ಚೀಟಿಗಳನ್ನು ಮೈದಾದ ಆಸೆಗೆ ಬುಡಸಮೇತ ತಿಂದು ಮುಗಿಸಿದವು.

ಅಂತೂ ಓದುಗರು ಹೇಗೋ ಆ ನಂಬರುಗಳಿಗೆ ಹೊಂದಿಕೊಂಡರು. ಆಗ ಬಂತು ಸುಧಾರಣೆ. ಮೊದಲಿನ ನಂಬರುಗಳಲ್ಲಿ ದೋಷಗಳಿವೆಯಂತೆ, ಎಲ್ಲವನ್ನೂ ಬದಲಿಸಬೇಕಂತೆ! ನಾವು ಪುಸ್ತಕಗಳ ಹೆಸರು ಬರೆದು ಕಳಿಸುವುದು, ಅವರು ಅಲ್ಲಿಯೇ ಕುಳಿತು, ಪುಸ್ತಕದ ಮುಖವನ್ನೂ ನೋಡದೆ, ಹೊಸ ನಂಬರು ಕೊಡುವುದು. ವರನನ್ನು ನೋಡದೆ ಲಗ್ನ ಮಾಡುವ ಕಾಲ ಹೋಯಿತೆಂದು ಭಾಷಣ ಮಾಡುವವರೇ ಪುಸ್ತಕಗಳಿಗೆ ಹೀಗೆ ಗಂಟು ಹಾಕುತ್ತಿದ್ದರು. ಹಳೆಯ ಚೀಟಿ ಕೆರೆಯಲು ಹೋದರೆ ಪುಸ್ತಕದ ಬೆನ್ನಿನ ಬಟ್ಟೆಯೇ ಕಿತ್ತು ಬರುತ್ತಿತ್ತು. ಬಂದ ನಂಬರುಗಳನ್ನು ಸಿಟ್ಟಿನಲ್ಲಿ ಹೆಸರೂ ನೋಡದೆ ಹಚ್ಚಿ, ಪಟ್ಟಿಯನ್ನು ಬೆಳಗಾವಿಗೇ ಮರಳಿ ಕಳಿಸಿದೆ.

ಇದೆಲ್ಲ ಮುಗಿದ ಹೊತ್ತಿಗೆ ಶಾಂತವ್ವ ಬಂದರು. ಗೋಡೆ ಕಟ್ಟುವ ಗೌಂಡಿ ಕೆಲಸದ ಮನೆತನದ ಹೆಣ್ಣುಮಗಳು, ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದವರು. ಸೂಲಗಿತ್ತಿ ತರಬೇತಿಗೆ ಅರ್ಜಿ ಹಾಕಿದ್ದರು; ಮರುವಾರವೇ ಬೆಳಗಾವಿಯಲ್ಲಿ ಪರೀಕ್ಷೆ.

"ಶಿಶುಪಾಲನ ವಿಚಾರ ಅಂತ ಒಂದ ಪುಸ್ತಕ ಇತ್ತಲ್ರಿ ಮಾಸ್ತರ, ಹೋದ ವರ್ಷ ನಾನು ಓದಿದ್ನಿ. ಅದನ್ನ ಇನ್ನೊಮ್ಮಿ ಓದಿದ್ರ ಪಾಸಾಗತೇನಿ ಅಂತ ಧೈರ್ಯ ಐತ್ರಿ," ಎಂದರು.

"ಈಗ ಕೊಟ್ನಿ ನೋಡ್ರಿ," ಎಂದು ಜಂಬದಿಂದ ವೈದ್ಯದ ನಂಬರುಗಳ ಕಡೆಗೆ ಹೋದೆ. ಇರಲಿಲ್ಲ. ಆಚೆ ನೋಡಿದೆ, ಈಚೆ ನೋಡಿದೆ, ಇಲ್ಲ. ಮರುದಿನ ಬಂದರು, ಇಲ್ಲ. ಅದರ ಮರುದಿನವೂ ಬಂದು ಏನೂ ಕೇಳದೆ ಬಾಗಿಲಲ್ಲಿ ನಿಂತರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಸುಮ್ಮನೆ ನಿಲ್ಲುವುದನ್ನು ತಡೆಯಲಾಗಲಿಲ್ಲ. ಅಂಚೆ ಕಚೇರಿಗೆ ಹೋಗಿ ಬೆಳಗಾವಿಗೆ ಟ್ರಂಕ್ ಕಾಲ್ ಹಚ್ಚಿ ಕೂಗಾಡಿದೆ.

ಆ ಕೂಗಿಗೆ ತಾಂತ್ರಿಕ ಸಹಾಯಕರೊಬ್ಬರು ಬಸ್ಸು ಹತ್ತಿ ಬಂದರು. ಕುರ್ಚಿ ಒರೆಸಿ ಕುಳಿತು, ಚಹಾ ಕುಡಿದು ಕೇಳಿದರು: "ನಂಬರ್ ಪ್ರಕಾರ ಇಟ್ಟೀರಿಲ್ಲೋ?"

"ಇಟ್ಟೇನ್ರಿ."

"ಹಂಗಾದ್ರ ಪುಸ್ತಕ ಐತಿ."

"ಇಲ್ರೀ ಸಾಹೇಬ್ರ, ಅದಕ್ಕಽ ನಿಮ್ಮನ್ನ ಕರಸೇನಿ."

"ಪದ್ಧತಿ ಪ್ರಕಾರ ಐತಿ," ಎನ್ನುತ್ತ ಅವರು ಎರಡನೆಯ ಚಹಾ ತರಹೇಳಿದರು. "ಸಿಗವಲ್ದು ಅನ್ನೂದು ಬ್ಯಾರೆ ಮಾತು."

ನಾನು ಎದ್ದು ಓದುವ ಮೇಜಿನ ಕಡೆಗೆ ನುಗ್ಗಿದೆ. ಅರಿವೆ ಅಂಗಡಿಯ ಚನಬಸಪ್ಪನವರು ಎಂದಿನಂತೆ ಪತ್ರಿಕೆಯನ್ನು ಊರಿಗೆಲ್ಲ ಕೇಳುವಂತೆ ಓದುತ್ತಿದ್ದರು. ಅವರ ಕೈಯಿಂದ ಪತ್ರಿಕೆ ಕಿತ್ತುಕೊಂಡು, "ಓದೂದು ಸಾಕ್ರಿ, ಏಳ್ರಿ!" ಎಂದೆ. ನಾನು, ಅವರು, ಅಂದೂ ಬಂದಿದ್ದ ಶಾಂತವ್ವ ಒಂದೊಂದು ಕಪಾಟು ಹಂಚಿಕೊಂಡು ಪುಸ್ತಕಗಳನ್ನೆಲ್ಲ ನೆಲಕ್ಕೆ ಇಳಿಸತೊಡಗಿದೆವು. ಸಾಹೇಬರು ಧೂಳಿಗೆ ಮೂಗು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಪುರಾಣಗಳ ರಾಶಿಯ ನಡುವಿನಿಂದ ಚನಬಸಪ್ಪನವರ ದನಿ ಕೇಳಿತು.

"ಮಾಸ್ತರ, ಈ ಪುರಾಣದಾಗ ಕೂಸಿಗೆ ಎಣ್ಣಿ ಹಚ್ಚಾಕ ಹತ್ಯಾರಲ್ರೀ! ಕೃಷ್ಣ ಎಲ್ಲಿ ಹ್ವಾದ? ಚಕ್ರ ಎಲ್ಲಿ ಐತಿ?"

ಹೋಗಿ ನೋಡಿದರೆ, ಅದೇ 'ಶಿಶುಪಾಲನ ವಿಚಾರ'! ಬೆಳಗಾವಿಯಲ್ಲಿ ಕುಳಿತ ಪುಣ್ಯಾತ್ಮರು ಕೂಸಿನ ಆರೈಕೆಯನ್ನು ಚೇದಿರಾಜ ಶಿಶುಪಾಲನ ಸಂಗತಿ ಎಂದು ತಿಳಿದು ಪುರಾಣದ ನಂಬರು ಕೊಟ್ಟಿದ್ದರು. ಶಾಂತವ್ವ ಪುಸ್ತಕವನ್ನು ಎದೆಗವಚಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡರು, ಆಮೇಲೆ ನಗತೊಡಗಿದರು. ಚನಬಸಪ್ಪನವರೂ ನಕ್ಕರು. ನಾನೂ ನಗುತ್ತಿದ್ದೆನೇನೋ, ಅಷ್ಟರಲ್ಲಿ ಸಾಹೇಬರು ಬಾಯಿಬಿಟ್ಟರು: "ಐತಿ ಅಂದ್ನಿಲ್ಲೋ? ನಮ್ಮ ಪದ್ಧತಿಯೊಳಗ ಪುಸ್ತಕ ಕಳಿಯೂದಽ ಇಲ್ಲ."

ಆಗ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಚನಬಸಪ್ಪನವರು ನನ್ನ ರಟ್ಟೆ ಹಿಡಿದು ಎಳೆದರೆಂಬುದಷ್ಟೇ ನೆನಪಿದೆ.

ಶಾಂತವ್ವ ಪಾಸಾದರು. ತರಬೇತಿಯ ನಡುವೆ ಊರಿಗೆ ಬಂದಾಗ ಅಲ್ಲಿಯ ಸಿಹಿತಿಂಡಿ ಕುಂದಾದ ಪೊಟ್ಟಣ ತಂದುಕೊಟ್ಟರು. ಬೆಳಗಾವಿಯಿಂದ ನನ್ನ ವಾಚನಾಲಯಕ್ಕೆ ಬಂದವುಗಳಲ್ಲಿ ಯಾರೂ ಸುಧಾರಿಸಬೇಕಿಲ್ಲದ್ದು ಅದೊಂದೇ. ನನಗೆ ಮಾತ್ರ ಶಿಕ್ಷೆಯಾಗುತ್ತದೆಂದು ಕಾಯುತ್ತ ಕುಳಿತಿದ್ದೆ, ಆಯಿತು ಕೂಡ. ಇಷ್ಟೆಲ್ಲ ಕೂಗಾಡುವವನಿಗೆ ಹೊಸ ಪದ್ಧತಿ ಚೆನ್ನಾಗಿ ತಿಳಿದಿರಲೇಬೇಕೆಂದು ತೀರ್ಮಾನಿಸಿ, ಸವದತ್ತಿಯ ವಾಚನಾಲಯದವರಿಗೆ ಕಲಿಸಿಬರಲು ನನ್ನನ್ನೇ ಕಳಿಸಿದರು!

ಅಲ್ಲಿಯ ಗ್ರಂಥಪಾಲಕ ಗಂಗಪ್ಪ ವಯಸ್ಸಾದ, ಸಾವಕಾಶದ ಮನುಷ್ಯ. ನನ್ನ ಉಪದೇಶವನ್ನೆಲ್ಲ ಕೇಳಿ, "ಬೀಸೂಕಲ್ಲಿನ ಪದದ ಪುಸ್ತಕ ಎಲ್ಲಿ ಇಡೂದ್ರಿ ಸರ? ಹಾಡಿನ್ಯಾಗೋ, ಹಿಟ್ಟಿನ ಗಿರಣಿಯೊಳಗೋ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. "ಇಂಥಾ ಅಡ್ಡ ಪ್ರಶ್ನೆ ಕೇಳೂದ ಬಿಡ್ರಿ, ಮೊದಲ ಹೇಳಿದಷ್ಟ ಮಾಡ್ರಿ," ಎಂದು ಗದರಿಸಿ, ಸಿಕ್ಕ ಮೊದಲ ಬಸ್ಸು ಹತ್ತಿದೆ. ದಾರಿಯಲ್ಲಿ ಕಟಕೋಳ ಬರುವವರೆಗೂ ನನ್ನ ಸಿಟ್ಟು ಇಳಿಯಲಿಲ್ಲ. ಇಂಥ ಜನರನ್ನು ಕಟ್ಟಿಕೊಂಡು ಸುಧಾರಣೆ ಹೇಗಾಗಬೇಕು ಎಂದು ಪಕ್ಕದಲ್ಲಿ ಕುಳಿತ ಗೃಹಸ್ಥರ ಮುಂದೆ ಒಂದೇ ಸಮನೆ ಕಾರಿಕೊಂಡೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಕೈಮುಗಿದು, "ತಾವು ಬೆಳಗಾಂವಿ ಆಫೀಸಿನ ಸಾಹೇಬ್ರೇನ್ರಿ?" ಎಂದರು.

ನಾನು ಹೌದು ಎನ್ನಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ಸ್ವಲ್ಪ ನೆಟ್ಟಗೆ ಕುಳಿತೆ. ಅಲ್ಲ ಎಂದೂ ಅನ್ನಲಿಲ್ಲ.