ಸಂತಾಪದ ಉಸ್ತುವಾರಿ

ಹಿರಿಯ ವಕೀಲ ದೊಡ್ಡಬೀರಯ್ಯನವರು ಭಾನುವಾರ ತೀರಿಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಎಂಬತ್ತು ದಾಟಿದ ಜೀವ, ಮೂರು ವರ್ಷದಿಂದ ಹಾಸಿಗೆ ಹಿಡಿದಿತ್ತು. ಅವರು ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ಹೊಸ ವಕೀಲರು ಕಂಡೇ ಇರಲಿಲ್ಲ. ಅಂಥವರು ಬಿಡುವಿನ ದಿನಗಳನ್ನೆಲ್ಲ ಬಿಟ್ಟು ಸೋಮವಾರ ಬೆಳಗಿನ ಜಾವವೇ ಪ್ರಾಣ ಬಿಟ್ಟದ್ದು ವಕೀಲೆ ಅಲ್ಮಾಸಳ ಹಣೆಬರಹ.

ಹುಣಸೂರಿನಿಂದ ಪಕ್ಕದ ತಾಲ್ಲೂಕಿನ ಕೋರ್ಟಿಗೆ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಅವಳು ಮೊಬೈಲಿನಲ್ಲಿ ಸುದ್ದಿ ಓದಿದಳು. ವಕೀಲರ ಸಂಘದ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಆಗಲೇ ಸಾಲುಗಟ್ಟಿದ್ದವು. ಹಿರಿಯ ಸದಸ್ಯರು ತೀರಿಕೊಂಡರೆ ಆ ದಿನ ವಕೀಲರು ಕಲಾಪದಿಂದ ದೂರ ಉಳಿಯುವುದು ಸಂಘದ ಪದ್ಧತಿ. ಸಂಘದವರು ಒಂದು ಪತ್ರ ಕೊಡುತ್ತಾರೆ, ಜಡ್ಜ್ ಎಲ್ಲ ಕೇಸುಗಳನ್ನೂ ಮುಂದಕ್ಕೆ ಹಾಕುತ್ತಾರೆ, ವಕೀಲರು ಎರಡು ನಿಮಿಷ ಮೌನವಾಗಿ ನಿಂತು, ಆಮೇಲೆ ದುಃಖ ತಡೆಯಲಾರದೆ ಹೋಟೆಲಿಗೆ ಹೋಗುತ್ತಾರೆ.

ಬೇರೆ ದಿನವಾಗಿದ್ದರೆ ಅಲ್ಮಾಸಳೂ ಅದೇ ಬಸ್ಸಿನಲ್ಲಿ ವಾಪಸು ಹೋಗುತ್ತಿದ್ದಳು. ಆದರೆ ಇವತ್ತು ಚಾಮುಂಡಮ್ಮನ ಕೇಸಿತ್ತು. ಹಂಪಾಪುರದ ಕಡೆಯ ಹೆಂಗಸು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಇವಳನ್ನು ಹೊರಗೆ ಹಾಕಿದ್ದ. ಜೀವನಾಂಶಕ್ಕೆ ಅರ್ಜಿ ಹಾಕಿ ಐದು ವರ್ಷವಾಗಿತ್ತು. ವಾದ ಕೇಳುವ ಹೊತ್ತಿಗೆ ಸರಿಯಾಗಿ ಜಡ್ಜ್ ವರ್ಗವಾಗುವುದು, ಹೊಸಬರು ಬಂದು ಮತ್ತೆ ಮೊದಲಿನಿಂದ ಶುರು ಮಾಡುವುದು ಎರಡು ಸಲ ನಡೆದುಹೋಗಿತ್ತು. ಈಗಿನ ಜಡ್ಜ್ ಮೇಡಂಗೂ ವರ್ಗವಾಗಿತ್ತು. ಇವತ್ತು ಅವರ ಕೊನೆಯ ದಿನ. "ಸೋಮವಾರ ವಾದ ಮಾಡಿಬಿಡಿ, ಸಂಜೆಯೊಳಗೆ ಆದೇಶ ಹೇಳಿಯೇ ಹೋಗ್ತೀನಿ" ಎಂದು ಅವರು ಮಾತು ಕೊಟ್ಟಿದ್ದರು. ಅಲ್ಮಾಸಳಿಗೆ ಅದು ಸ್ವಂತ ಹೆಸರಿನಲ್ಲಿ ಸಿಗಲಿದ್ದ ಮೊದಲ ಆದೇಶ. ಮದುವೆ ಛತ್ರಗಳಲ್ಲಿ ಪಾತ್ರೆ ತಿಕ್ಕಿ ಬದುಕುತ್ತಿದ್ದ ಚಾಮುಂಡಮ್ಮನಿಗೆ ಅದು ಎರಡು ಹೊತ್ತಿನ ಅನ್ನ.

ಸಂಘದಲ್ಲಿ ಗಂಡಸರು ನೂರರ ಹತ್ತಿರ, ಹೆಂಗಸರು ಮೂವರು. "ನಮ್ಮ ಸಂಘದಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಹೆಣ್ಣುಮಕ್ಕಳೂ ಇದ್ದಾರೆ" ಎಂದು ಅಧ್ಯಕ್ಷ ಗೋವಿಂದಯ್ಯನವರು ಭಾಷಣದಲ್ಲಿ ಎದೆ ತಟ್ಟಿಕೊಳ್ಳುತ್ತಿದ್ದರು. ಎಲ್ಲರೂ ಸೇರಿ ಮೂವರೇ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಆ ಮೂವರಿಗೆ ಒಂದು ಲೇಡೀಸ್ ರೂಮು ಕೊಟ್ಟಿದ್ದರು. ಅದರಲ್ಲಿ ಕಾಲು ಮುರಿದ ಕುರ್ಚಿಗಳು, ಹಳೆಯ ಬ್ಯಾನರುಗಳು ಇದ್ದವು. ಉಳಿದ ಜಾಗದಲ್ಲಿ ಇವರು ಇದ್ದರು.

ಅಲ್ಮಾಸಳ ಮುಖ ನೋಡಿದ್ದೇ ಹಿರಿಯರಾದ ಸುನಂದಮ್ಮನವರು ಸೆರಗು ಸಿಕ್ಕಿಸಿಕೊಂಡು ಎದ್ದರು.

"ಬಾರೇ, ಪ್ರೆಸಿಡೆಂಟ್ರನ್ನೇ ಕೇಳಣ. ಸಂತಾಪ ಸಂಜೆಗಿಟ್ಕೊಳಿ, ಹಗಲು ಕೋರ್ಟು ನಡೀಲಿ ಅಂತ."

"ನಮ್ಮ ಮಾತು ಕೇಳ್ತಾರಾ ಮೇಡಂ?"

"ಯಾಕೆ ಕೇಳಲ್ಲ? ಇಪ್ಪತ್ತು ವರ್ಷದಲ್ಲಿ ಒಂದ್ಸಲ ಹೋಗಿದ್ದೆ ಕಣೇ, ಲೇಡೀಸ್ ಟಾಯ್ಲೆಟ್ಟಿಗೆ ಚಿಲಕ ಹಾಕ್ಸಿ ಅಂತ. ಹಾಕ್ಸಿದ್ರು."

ಚಿಲಕವನ್ನು ಹೊರಗಡೆಯಿಂದ ಹಾಕಿಸಿದ್ದರು ಎಂಬುದನ್ನು ಸುನಂದಮ್ಮ ಹೇಳಲಿಲ್ಲ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಬಾಗಿಲು ಹಿಡಿದು ನಿಲ್ಲಬೇಕಾಗಿತ್ತು. ಆ ಮೂವರ ನಡುವಿನ ಒಗ್ಗಟ್ಟು ಬೆಳೆದದ್ದೇ ಆ ಬಾಗಿಲಲ್ಲಿ.

ಮೂವರೂ ಹೋದರು. ಮೂರನೆಯವಳು ಬೃಂದಾ, ಭೇರ್ಯದ ಹುಡುಗಿ. ಕರಿ ಕೋಟು ಹಾಕಿ ಆರು ತಿಂಗಳಾಗಿತ್ತು, ಉತ್ಸಾಹಕ್ಕೆ ಕಡಿವಾಣವಿರಲಿಲ್ಲ.

"ಬೆಳಿಗ್ಗೆ ಸತ್ತೋರ್ಗೆ ಸಾಯಂಕಾಲ ಅತ್ರೆ ಏನ್ ಚೆಂದ ಕಣ್ರವ್ವ?" ಎಂದರು ಗೋವಿಂದಯ್ಯ.

"ಮನೆಯವರೇ ಮಗ ಬರಲಿ ಅಂತ ಮಣ್ಣು ಮಾಡೋದನ್ನ ನಾಳೆಗಿಟ್ಟಿದ್ದಾರೆ ಸರ್. ನಾವು ಸಂಜೆವರೆಗೂ ಕಾಯಬಾರ್ದಾ?" ಎಂದಳು ಅಲ್ಮಾಸ್.

ಗೋವಿಂದಯ್ಯ ತಲೆ ಕೆರೆದುಕೊಂಡರು. "ಅದೇನೋ ದಿಟ. ಆದ್ರೆ ಸಂಜೆ ಮಾಡೋದು ಅಂದ್ರೆ ಗ್ರಾಂಡಾಗಿ ಮಾಡ್ಬೇಕು. ಫೋಟೊ ಆಗ್ಬೇಕು, ಆರ ಆಗ್ಬೇಕು, ಭಾಷ್ಣ ಆಗ್ಬೇಕು. ಇದ್ನೆಲ್ಲ ಯಾರು ನೋಡ್ಕಳೋರು?"

"ಅಲ್ಮಾಸ್ ಮೇಡಂ ನೋಡ್ಕೋತಾರೆ ಸರ್!" ಎಂದುಬಿಟ್ಟಳು ಬೃಂದಾ.

"ಅಂಗಾದ್ರೆ ಆಯ್ತು ಬುಡಿ. ನಾಕು ಗಂಟೆಗೆ ಮಡೀಕಳಾಣ. ಜಡ್ಜ್ ಮೇಡಂಗೂ ಆಗ್ಲೇ ಲೆಟ್ರು ಕೊಟ್ರಾಯ್ತು, ಅಲ್ಲಿಗಂಟ ಅವರ್ಗೆ ಯಾರೂ ಏನೂ ಏಳ್ಬ್ಯಾಡಿ."

ಹೀಗೆ ಸಂಘದ ಇತಿಹಾಸದಲ್ಲಿ ಮೊದಲ ಬಾರಿಗೆ ಹೆಂಗಸರ ಮಾತು ನಡೆಯಿತು. ರಜೆ ತಪ್ಪಿದ ಗಂಡಸರು ಅವರನ್ನು ಮದುವೆಮನೆಯ ಸಾರು ಚೆಲ್ಲಿದವರಂತೆ ನೋಡಿದರು. ಅಲ್ಮಾಸಳಿಗೆ ಅದರ ಪರಿವೆ ಇರಲಿಲ್ಲ. ಕೋರ್ಟು ನಡೆಯುತ್ತದೆ, ಅಷ್ಟು ಸಾಕಾಗಿತ್ತು. ಕೋರ್ಟಿನ ಬಾಗಿಲ ಬಳಿ ಕೂತಿದ್ದ ಚಾಮುಂಡಮ್ಮನಿಗೆ, "ಇಲ್ಲೇ ಇರಮ್ಮ, ಇವತ್ತು ಆಗುತ್ತೆ" ಎಂದು ಹೇಳಿ, ಸತ್ತವರ ಫೋಟೊ ಹುಡುಕಲು ಹೊರಟಳು.

ಸಂಘದ ಗೋಡೆಯಲ್ಲಿದ್ದ ಹಳೆಯ ಗ್ರೂಪ್ ಫೋಟೊದಲ್ಲಿ ದೊಡ್ಡಬೀರಯ್ಯನವರ ಮುಖ ಯಾವನೋ ಮಂತ್ರಿಯ ಹಾರದ ಹಿಂದೆ ಮರೆಯಾಗಿತ್ತು. ಅವರ ಮನೆಗೆ ಹೋದರೆ, ಅತ್ತು ಸುಸ್ತಾಗಿದ್ದ ಸೊಸೆ ಮೊಬೈಲಿನಲ್ಲಿದ್ದ ಒಂದೇ ಒಂದು ಚಿತ್ರ ಕಳಿಸಿಕೊಟ್ಟಳು. ಅದರಲ್ಲಿ ಮುದುಕರು ಮೊಮ್ಮಗನ ಮದುವೆಯಲ್ಲಿ ಬಾಯಿ ತೆರೆದು ಐಸ್‌ಕ್ರೀಮ್ ತಿನ್ನುತ್ತಿದ್ದರು.

ಬಸ್‌ಸ್ಟ್ಯಾಂಡಿನ ಎದುರು ಅಲ್ಮಾಸಳ ಚಿಕ್ಕಮ್ಮನ ಮಗ ಫೈಸಲ್‌ನ ಸ್ಟುಡಿಯೋ ಇತ್ತು. ಅವನು ಕಂಪ್ಯೂಟರಿನ ಮುಂದೆ ಕೂತ ಕೂಡಲೇ ಕರೆಂಟು ಹೋಯಿತು. ಕರೆಂಟು ಬರುವ ಹೊತ್ತಿಗೆ ಅಲ್ಮಾಸಳ ಫೋನು ಮೂರು ಸಲ ಹೊಡೆದುಕೊಂಡಿತ್ತು. ಮೊದಲನೆಯದು ಸುನಂದಮ್ಮನದು: ಹಾರ ಸೇವಂತಿಗೆಯದು ಬೇಡ, ಸುಗಂಧರಾಜದ್ದು ತಾ, ಇಲ್ಲದಿದ್ದರೆ ಹೆಂಗಸರು ಜುಗ್ಗರು ಅಂತಾರೆ. ಎರಡನೆಯದು ಗೋವಿಂದಯ್ಯನದು: ಭಾಷಣದಲ್ಲಿ ತಮ್ಮ ಹೆಸರೂ ಒಂದೆರಡು ಕಡೆ ಬರಲಿ. ಮೂರನೆಯದು ಬೃಂದಾಳದು.

"ಮೇಡಂ, ನಿಮ್ ಕೇಸ್ ಕೂಗಿದ್ರು. ನೀವಿರ್ಲಿಲ್ಲ, ಸ್ವಲ್ಪ ಹೊತ್ತು ತಡೆದು ತಗೊಳಿ ಅಂತ ನಾನೇ ಕೇಳ್ಕೊಂಡೆ. ಊಟ ಆದ್ಮೇಲೆ ಮೊದಲು ಅದನ್ನೇ ತಗೋತಾರಂತೆ. ಆಗ್ಲೂ ನೀವಿಲ್ದಿದ್ರೆ ಅರ್ಜಿ ವಜಾ ಅಂತೆ."

ಅಲ್ಮಾಸ್ ಫೋನಿಟ್ಟು ಕಂಪ್ಯೂಟರಿನ ಕಡೆ ಬಾಗಿದಳು. "ಫೈಸಲ್, ಬೇಗ ಕಣೋ!"

"ಐಸ್‌ಕ್ರೀಮ್ ತೆಗೆದ್ಬಿಟ್ಟೆ ಆಪಾ. ಬಾಯಿ ಮುಚ್ಚಿಸೋಕೆ ಮಾತ್ರ ಆಗ್ತಿಲ್ಲ." ಫೈಸಲ್ ಹಿಂದೆ ಸರಿದು ನೋಡಿದ. ಕೈ ಎತ್ತಿಕೊಂಡು, ಬಾಯಿ ತೆರೆದು ಕೂತಿದ್ದ ದೊಡ್ಡಬೀರಯ್ಯನವರು ಯಾರನ್ನೋ ದಬಾಯಿಸುತ್ತಿರುವಂತೆ ಕಾಣುತ್ತಿದ್ದರು. "ಚೆನ್ನಾಗೈತಲ್ಲ? ವಾದ ಮಾಡ್ತಾ ಇರೋ ಹಂಗೇ ಅವ್ರೆ."

ಸಿದ್ಧವಾಗಿದ್ದ ಫ್ರೇಮು ಒಂದೇ. ಅದರ ಮೇಲ್ಗಡೆ ಚಿನ್ನದ ಬಣ್ಣದಲ್ಲಿ 'ಶುಭ ವಿವಾಹ' ಎಂದು ಬರೆದಿತ್ತು. ಹಾರ ಅಡ್ಡ ಬಂದರೆ ಕಾಣುವುದಿಲ್ಲವೆಂದು ಅಲ್ಮಾಸ್ ಅದನ್ನೇ ಕಿತ್ತುಕೊಂಡು, ಹೂವಿನವಳ ಕೈಯಿಂದ ಹಾರ ಎಳೆದುಕೊಂಡು, ಆಟೋ ಹತ್ತಿದಳು. ಊಟವಿಲ್ಲ, ನೀರಿಲ್ಲ. ದಾರಿಯುದ್ದಕ್ಕೂ ತೊಡೆಯ ಮೇಲಿನ ಮುದುಕರು ಅವಳ ಮೇಲೆ ಕೈ ಎತ್ತಿಕೊಂಡೇ ಇದ್ದರು.

ಅವಳು ಕೋರ್ಟಿನ ಆವರಣಕ್ಕೆ ಕಾಲಿಡುವಾಗಲೇ ಜವಾನ ಬಾಗಿಲಲ್ಲಿ ನಿಂತು, "ಚಾಮುಂಡಮ್ಮಾ... ಚಾಮುಂಡಮ್ಮಾ..." ಎಂದು ಕೂಗುತ್ತಿದ್ದ. ಅಲ್ಮಾಸ್ ಓಡಿದಳು. ಬಾಗಿಲಲ್ಲಿ ಚಾಮುಂಡಮ್ಮನ ಕೈಗೆ ಫೋಟೊ ಕೊಡಲು ಹೋದಳು.

"ಸ್ವಲ್ಪ ಇದನ್ನ ಹಿಡ್ಕೊಳಮ್ಮ."

ಫೋಟೊ ಕಂಡ ಚಾಮುಂಡಮ್ಮ ಹಾವು ತುಳಿದವಳಂತೆ ಹಿಂದೆ ಸರಿದಳು. "ನಾ ಮುಟ್ಟಾಕಿಲ್ಲ ಕಣವ್ವ! ಈವಯ್ಯ ನನ್ ಗಂಡನ ಕಡೆ ಲಾಯ್ರು. ತುಂಬಿದ್ ಕೋರ್ಟಲ್ಲಿ, ನಿನ್ ಬಾಯಿ ತಾಳ್ನಾರ್ದೇ ನಿನ್ ಗಂಡ ಬುಟ್ಟೋಗಿದ್ದು ಅಂದ್ಬುಟ್ಟ. ಅವ್ನ ನಾನ್ಯಾಕೆ ಎತ್ಕಳ್ಳಿ?"

ಅದು ಅಲ್ಮಾಸ್ ಈ ಕೇಸು ವಹಿಸಿಕೊಳ್ಳುವ ಮೊದಲು, ನಾಲ್ಕು ವರ್ಷದ ಹಿಂದೆ ನಡೆದ ಪಾಟೀಸವಾಲು. ಆಮೇಲೆ ಮುದುಕರು ಹಾಸಿಗೆ ಹಿಡಿದು, ಅವರ ಕೇಸುಗಳನ್ನೆಲ್ಲ ಜೂನಿಯರ್ ಧರ್ಮೇಂದ್ರ ನಡೆಸುತ್ತಿದ್ದ. ಅಲ್ಮಾಸಳ ಮಟ್ಟಿಗೆ ಎದುರು ಪಕ್ಷದ ವಕೀಲನೆಂದರೆ ಧರ್ಮೇಂದ್ರನೇ. ಮೂರನೇ ಕೂಗು ಬಿತ್ತು. ಬೇರೆ ದಾರಿ ಕಾಣದೆ ಅವಳು ಫೋಟೊ, ಹಾರಗಳ ಸಮೇತ ಒಳಗೆ ನುಗ್ಗಿದಳು.

ಧರ್ಮೇಂದ್ರ ಆಗಲೇ ಫೈಲು ಹಿಡಿದು ನಿಂತಿದ್ದ. ಅವಳ ಕೈಯಲ್ಲಿದ್ದುದನ್ನು ಕಂಡು ಅವನ ಮುಖ ಸುಣ್ಣವಾಯಿತು. ಬೇಡ ಬೇಡವೆಂದು ಕಣ್ಣಲ್ಲೇ ಏನೋ ಸನ್ನೆ ಮಾಡಿದ. ಅಲ್ಮಾಸಳಿಗೆ ಅರ್ಥವಾಗಲಿಲ್ಲ. ಫೋಟೊವನ್ನು ಮೇಜಿಗೆ ಒರಗಿಸಿ, ಏದುಸಿರು ಬಿಡುತ್ತ ಕಾಗದ ಬಿಚ್ಚಿದಳು.

"ಶುರು ಮಾಡಿ," ಎಂದ ಜಡ್ಜ್ ಮೇಡಂ ತಲೆ ಎತ್ತಿದರು. ಎದುರಿಗೆ ಹಾರದ ನಡುವೆ ಒಬ್ಬರು ಕೈ ಎತ್ತಿ, ಬಾಯಿ ತೆರೆದು, ತಾವೇ ಮೊದಲು ಮಾತಾಡುವವರಂತೆ ಕೂತಿದ್ದರು. "ಯಾರಮ್ಮ ಅದು?"

ಸಂಜೆಯವರೆಗೆ ಹೇಳಬಾರದೆಂಬ ಅಧ್ಯಕ್ಷರ ಮಾತು ಅಲ್ಮಾಸಳಿಗೆ ಆ ಕ್ಷಣಕ್ಕೆ ಮರೆತುಹೋಯಿತು. "ನಮ್ಮ ಹಿರಿಯ ವಕೀಲರು ಮೇಡಂ, ದೊಡ್ಡಬೀರಯ್ಯನವರು. ಬೆಳಿಗ್ಗೆ ತೀರಿಕೊಂಡರು."

"ಅಯ್ಯೋ ಪಾಪ," ಎಂದ ಮೇಡಂ ಕನ್ನಡಕ ಸರಿಮಾಡಿಕೊಂಡು ಫೈಲಿನ ಹಾಳೆ ತಿರುವಿದರು. "ದೊಡ್ಡಬೀರಯ್ಯ... ಎದುರುದಾರ ವಕಾಲತ್ತು ಕೊಟ್ಟಿರೋದು ಅವರಿಗೇ ಅಲ್ವಾ? ಧರ್ಮೇಂದ್ರ, ನಿಮ್ಮ ಹೆಸರು ಇದರಲ್ಲಿಲ್ಲ."

"ಇಲ್ಲ ಮೇಡಂ," ಎಂದ ಧರ್ಮೇಂದ್ರ ನೆಲ ನೋಡುತ್ತ. "ನಾನು ಅವರ ಪರವಾಗಿ ಬರ್ತಿದ್ದೆ."

"ಅವರೇ ಇಲ್ಲ ಅಂದ್ಮೇಲೆ ಯಾರ ಪರವಾಗಿ? ಎದುರುದಾರನಿಗೆ ಬೇರೆ ವಕೀಲರನ್ನಿಟ್ಟುಕೊಳ್ಳೋಕೆ ನೋಟಿಸ್ ಕೊಡಬೇಕು. ಅಲ್ಲಿವರೆಗೂ ವಾದ ಕೇಳೋ ಹಾಗಿಲ್ಲ."

"ಮೇಡಂ, ಐದು ವರ್ಷ ಆಯ್ತು. ದಯವಿಟ್ಟು..." ಎಂದು ಅಲ್ಮಾಸ್ ಬೇಡಿಕೊಂಡಳು.

"ನನಗೂ ಬೇಜಾರೇ ಅಮ್ಮ. ಗೊತ್ತಿಲ್ಲದೆ ಇದ್ದಿದ್ರೆ ಆ ಮಾತು ಬೇರೆ. ಗೊತ್ತಾದ ಮೇಲೆ ಕಣ್ಣು ಮುಚ್ಚಿಕೊಳ್ಳೋಕಾಗಲ್ಲ." ಮೇಡಂ ತುಂಬಿದ ಕೋರ್ಟಿನ ಕಡೆ ತಿರುಗಿದರು. "ಎಲ್ಲರೂ ಇವರನ್ನ ನೋಡಿ ಕಲೀಬೇಕು. ತಮ್ಮ ಕೇಸಿಗೆ ನಷ್ಟ ಆಗುತ್ತೆ ಅಂತ ಗೊತ್ತಿದ್ದೂ, ಎದುರು ವಕೀಲರ ಫೋಟೊ ಹೊತ್ತು ತಂದು ಸತ್ಯ ಹೇಳಿದಾರೆ."

ಹೊರಗೆ ಬಂದ ಮೇಲೆ ಧರ್ಮೇಂದ್ರ ಮೆಲ್ಲಗೆ ಹತ್ತಿರ ಬಂದ. "ನನ್ ಕಕ್ಷಿದಾರ ಎಂಥೋನು ಅಂತ ನಂಗೊತ್ತಿಲ್ವಾ ಮೇಡಂ? ಆಯಮ್ಮಂಗೆ ಇವತ್ತಾದ್ರೂ ಆಗ್ಲಿ ಅಂತ ಬೆಳಿಗ್ಗಿಂದ ಬಾಯಿ ಬಿಗಿ ಹಿಡ್ಕಂಡಿದ್ದೆ. ನೀವ್ಯಾಕೆ ನಮ್ ಸೀನಿಯರ್ನ ಒಳಗೆ ಕರ್ಕಂಡ್ ಬಂದ್ರಿ?"

ನಾಲ್ಕು ಗಂಟೆಗೆ ಸಂತಾಪ ಸಭೆ ನಡೆಯಿತು. ಭಾಷಣಕ್ಕೆ ನಿಂತ ಅಲ್ಮಾಸ್, "ದೊಡ್ಡಬೀರಯ್ಯನವರು ಕೊನೆಯವರೆಗೂ ಸೋಲು ಕಂಡವರಲ್ಲ" ಎಂದವಳೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು. ಸತ್ತವರ ಮನೆಯವರೇ ಅಷ್ಟು ಅತ್ತಿರಲಿಲ್ಲ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋವಿಂದಯ್ಯನವರ ಮನಸ್ಸು ಕರಗಿಹೋಯಿತು.

"ನಮ್ ಸಂಘದಲ್ಲಿ ಎಣ್ಮಕ್ಕಳ್ಗೆ ಒಂದು ಉದ್ದೆ ಕೊಟ್ಟಿಲ್ಲ ಅಂತ ದೂರಿತ್ತು," ಎಂದು ಅವರು ಮೈಕು ಹಿಡಿದರು. "ಇವತ್ತಿಂದ ಸಂತಾಪ ಸಮಿತಿ ಅಂತ ಒಂದು ಮಾಡ್ತಾ ಇದೀವಿ. ಅದ್ರ ಪೂರ್ತಿ ಉಸ್ತುವಾರಿ ಅಲ್ಮಾಸ್ ಮೇಡಂದು. ಇನ್ಮೇಲೆ ನಮ್ಮಲ್ಲಿ ಯಾರು ತೀರ್ಕಂಡ್ರೂ ಎಲ್ಲಾ ಅವರೇ ನೋಡ್ಕತಾರೆ!"

ಜನ ಚಪ್ಪಾಳೆ ತಟ್ಟಿ, ಇದು ಸಂತಾಪ ಸಭೆಯೆಂದು ನೆನಪಾಗಿ ಅರ್ಧಕ್ಕೆ ನಿಲ್ಲಿಸಿದರು. ಸುನಂದಮ್ಮ ಹೆಮ್ಮೆಯಿಂದ ಕಣ್ಣೊರೆಸಿಕೊಂಡರು. ಬೃಂದಾ ಅಲ್ಮಾಸಳ ಅಳುವ ಮುಖದ ಫೋಟೊ ತೆಗೆದು, 'ಅಭಿನಂದನೆಗಳು ಮೇಡಂ' ಎಂದು ಗುಂಪಿಗೆ ಹಾಕಿದಳು.

ಎಲ್ಲರೂ ಹೋದ ಮೇಲೆ ಚಾಮುಂಡಮ್ಮ ಒಬ್ಬಳೇ ಹಿಂದಿನ ಬೆಂಚಿನಲ್ಲಿ ಕೈಚೀಲ ಅವುಚಿಕೊಂಡು ಕೂತಿದ್ದಳು. ಬೈಗುಳಕ್ಕೆ ಸಿದ್ಧಳಾಗಿಯೇ ಅಲ್ಮಾಸ್ ಅವಳ ಪಕ್ಕ ಹೋಗಿ ಕೂತಳು. ಅವಳು ಬೈಯಲಿಲ್ಲ.

"ಒಸ ಜಡ್ಜು ಬಂದ್ಮೇಲೆ ತಿರ್ಗ ಮೊದ್ಲಿಂದ್ಲಾ ಮಗ?"

"ಹೂಂ ಕಣಮ್ಮ."

ಚಾಮುಂಡಮ್ಮ ಅಲ್ಮಾಸಳ ಬೆನ್ನು ಸವರಿ, ಎದ್ದು ನಿಂತಳು.

"ಓಗ್ಲಿ ಬುಡು. ನಿಂಗೀಗ ಅಧಿಕಾರ ಬಂದದಲ್ಲ. ನನ್ ಕೇಸು ಮುಗ್ಯೋಗಂಟ ಇನ್ಯಾವ ಲಾಯ್ರೂ ಸಾಯ್ದಂಗೆ ನೋಡ್ಕೊ."